ಸೊನ್ನೆ ಬಿಲ್ಲಿನ ಬಾಕಿ

ಕೆ.ಆರ್. ನಗರ
ಭಾನುವಾರ ಬೆಳಿಗ್ಗೆ

ಅಕ್ಕ,

ನಿನ್ನ ಮಂಡಿ ನೋವು ಹೇಗಿದೆ? ತಂಬಾಕು ಹದಮಾಡುವ ಬ್ಯಾರನ್ ಕೆಲಸ ಮುಗಿದು ಸೊಪ್ಪೆಲ್ಲ ಕಂಪಲಾಪುರದ ಹರಾಜು ಮಾರುಕಟ್ಟೆಗೆ ಹೋಯಿತು, ರೇಟೂ ಪರವಾಗಿಲ್ಲ ಅಂತ ಹುಣಸೂರಿನಿಂದ ನಿನ್ನ ಮಗಳು ಹೇಳಿದಳು. ಕೇಳಿ ಸಂತೋಷವಾಯಿತು. ಸ್ವಲ್ಪ ಭಯವೂ ಆಯಿತು. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ದಿನಾ ಸಂಜೆ ಫೋನ್ ಮಾಡುವವನು ಇದೇನು ಕಾಗದ ಬರೆದ ಅಂತ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಆಗಿದ್ದು ನನಗೆ, ಅದೂ ಮೈಗಲ್ಲ. ಫೋನಿನಲ್ಲಿ ಹೇಳೋಣ ಅಂತ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮಳೆ ಬೆಳೆ ಮಾತಾಡಿ ಇಟ್ಟುಬಿಟ್ಟೆ. ಬರೆಯುವಾಗ ನಿನ್ನ ದನಿ ಕೇಳುವುದಿಲ್ಲವಲ್ಲ, ಅಷ್ಟು ಧೈರ್ಯ.

ದೀಪಾವಳಿ ಕಳೆದು ಒಂದು ವಾರವಾಗಿತ್ತು. ಸಂಜೆ ಏಳರ ಹೊತ್ತಿಗೆ ಮೊಬೈಲಿಗೆ ಒಂದು ಮೆಸೇಜು. ಹೋದ ತಿಂಗಳ ಬಿಲ್ಲು ಜಮಾ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ನಿಮ್ಮ ಮನೆ ಕರೆಂಟು ತೆಗೆಯುತ್ತೇವೆ, ಕೂಡಲೇ ಅಧಿಕಾರಿಗೆ ಫೋನ್ ಮಾಡಿ ಅಂತ. ಕೆಳಗೊಂದು ಹತ್ತಂಕಿಯ ನಂಬರು. ನಾನು ಮಾಡಿದೆ ಅಕ್ಕ. ಆ ಕಡೆಯವನು ಎಂಥ ವಿನಯವಂತ ಅಂತೀಯ! ಮಾತಿಗೊಂದು ಸಾರ್. ‘ನಿಮ್ಮದೇನೂ ತಪ್ಪಿಲ್ಲ ಸಾರ್, ಕಂಪ್ಯೂಟರಿನಲ್ಲಿ ಅಪ್‌ಡೇಟ್ ಆಗಿಲ್ಲ, ಹತ್ತು ರೂಪಾಯಿ ಕಟ್ಟಿದರೆ ಸರಿಹೋಗುತ್ತದೆ’ ಅಂದ. ಒಂದು ಆ್ಯಪ್ ಹಾಕಿಕೊಳ್ಳಿ ಅಂದ, ಹಾಕಿಕೊಂಡೆ. ನನ್ನ ಫೋನಿನ ಪರದೆಯ ಮೇಲೆ ಏನು ಮೂಡಿದರೂ ಅಲ್ಲಿ ಕೂತವನಿಗೆ ಕಾಣುವಂಥ ಆ್ಯಪ್ ಅದು ಅಂತ ಆಮೇಲೆ ಗೊತ್ತಾಯಿತು. ಎಟಿಎಂ ಕಾರ್ಡಿನ ನಂಬರು ಹೊಡೆದೆ, ಓಟಿಪಿ ಬಂತು. ನಾನು ಓದುವ ಮೊದಲು ಅವನು ಓದಿದ್ದ. ಮೂರು ಸಲಕ್ಕೆ 48,600 ರೂಪಾಯಿ ಹೋಯಿತು. ಅಡುಗೆಮನೆಯಿಂದ ನಿನ್ನ ನಾದಿನಿ ‘ಯಾರ್ರೀ ಅದು ಇಷ್ಟೊತ್ತು?’ ಅಂತ ಎರಡು ಸಲ ಕೇಳಿದಳು. ಸುಮ್ಮನಿರು ಅಂತ ನಾನೇ ಕೈ ಬೀಸಿದೆ.

ಈಗ ಕೇಳು. ಗೃಹಜ್ಯೋತಿ ಬಂದಾಗಿನಿಂದ ನಮ್ಮ ಮನೆಯ ಬಿಲ್ಲು ಸೊನ್ನೆ. ಮೀಟರ್ ನೋಡುವ ಹುಡುಗ ಕೊಟ್ಟುಹೋದ ಸೊನ್ನೆ ಚೀಟಿ ನನ್ನ ಕಣ್ಣೆದುರಿನ ತಂತಿಯಲ್ಲೇ ಚುಚ್ಚಿಕೊಂಡಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು, ಸೊನ್ನೆ ಬಿಲ್ಲಿಗೆ ಬಾಕಿ ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಕೇಳುವಷ್ಟು ಪುರಸೊತ್ತನ್ನು ಆ ಫೋನಿನವನು ಕೊಡಲಿಲ್ಲ. ನನ್ನ ಕಣ್ಣಿದ್ದದ್ದು ಗಡಿಯಾರದ ಮೇಲೆ, ಚೀಟಿಯ ಮೇಲಲ್ಲ.

ಇದನ್ನು ಬರೆದದ್ದಾಯಿತು. ಇನ್ನು ಇದಕ್ಕಿಂತ ನಾಚಿಕೆಯ ಸಂಗತಿ. ನಾಲ್ಕು ದಿನ ನಾನು ಯಾರಿಗೂ ಹೇಳಲಿಲ್ಲ. ಬೀದಿಯವರೆಲ್ಲ ಫೋನ್ ಹಿಡಿದುಕೊಂಡು ‘ಮೇಷ್ಟ್ರೇ ಇದೇನು ನೋಡಿ’ ಅಂತ ನನ್ನ ಹತ್ತಿರ ಬರುತ್ತಾರೆ. ಅಂಥವನು ಮೋಸ ಹೋದೆ ಅಂತ ಯಾವ ಬಾಯಲ್ಲಿ ಹೇಳಲಿ? ಐದನೇ ದಿನ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದ ಹುಡುಗಿ, ನನ್ನ ಮೊಮ್ಮಗಳ ವಯಸ್ಸು, ಎಲ್ಲ ಬರೆದುಕೊಂಡು ಒಂದೇ ಮಾತು ಕೇಳಿದಳು: ‘ಅವತ್ತು ರಾತ್ರಿಯೇ 1930ಕ್ಕೆ ಯಾಕೆ ಸರ್ ಫೋನ್ ಮಾಡಲಿಲ್ಲ?’

ಆ ನಂಬರು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಯಾರಿಗೆ ಫೋನ್ ಮಾಡಿದರೂ ರಿಂಗಾಗುವ ಮೊದಲು ಸೈಬರ್ ಮೋಸದ ಎಚ್ಚರಿಕೆ ಕೇಳಿಸುತ್ತಿತ್ತಲ್ಲ, ಇದೊಂದು ಪೀಡೆ ಅಂತ ಬೈದುಕೊಂಡವನೇ ನಾನು. 1930 ಅಂದರೆ ಇಡೀ ದೇಶಕ್ಕೆ ಒಂದೇ ಸೈಬರ್ ಸಹಾಯವಾಣಿ. ಕಳ್ಳ ನಮ್ಮ ದುಡ್ಡನ್ನು ಒಂದು ಖಾತೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ಕೊನೆಗೆ ಎಲ್ಲೋ ತೆಗೆದುಬಿಡುತ್ತಾನೆ. ಬೇಗ ತಿಳಿಸಿದರೆ ಆ ಖಾತೆಗಳ ಬ್ಯಾಂಕುಗಳಿಗೆ ಸುದ್ದಿ ಹೋಗಿ, ದುಡ್ಡು ಎಲ್ಲಿದೆಯೋ ಅಲ್ಲೇ ತಡೆಯುತ್ತಾರೆ. ನೀರು ತೂಬು ದಾಟುವ ಮೊದಲು ಬಾಗಿಲು ಹಾಕಿದ ಹಾಗೆ. ನಾಲ್ಕು ದಿನ ಕಳೆದು ಹೋದವನಿಗೆ ಯಾವುದೋ ಖಾತೆಯಲ್ಲಿ ಉಳಿದಿದ್ದ ನಾಲ್ಕು ಸಾವಿರ ಸಿಕ್ಕಿತು. ಅದೂ ಇನ್ನೂ ಕೈಗೆ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ, ಓಟಿಪಿಯನ್ನು ನಾವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದೇ, ತಿಳಿಸಿದ ಮೇಲೂ ಹೋದರೆ ಬ್ಯಾಂಕಿನದು, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗೆ ಅಂದರು. ನಾಲ್ಕು ದಿನ ಮುಚ್ಚಿಟ್ಟುಕೊಂಡ ಮಾನಕ್ಕೆ ನಾನು ಕಟ್ಟಿದ ಬೆಲೆ, ಹೋದ ಆ ದುಡ್ಡು.

ಅವ್ವನ ಕಾಸಿನ ಸರ ನೆನಪಾಯಿತು. ಚಿನ್ನಕ್ಕೆ ಪಾಲಿಶ್ ಹಾಕುತ್ತೇವೆ ಅಂತ ಇಬ್ಬರು ಬಂದಿದ್ದರಲ್ಲ. ಜಗಲಿಯಲ್ಲಿ ಕೂರಿಸಿ ಅವರಿಗೆ ಮಜ್ಜಿಗೆ ಕೊಟ್ಟಿದ್ದಳು ಅವ್ವ. ಸರ ಥಳಥಳ ಅಂತ ಬಂತು, ತೂಕ ಮಾತ್ರ ಅವರ ಬಟ್ಟಲಿನ ನೀರಿನಲ್ಲೇ ಉಳಿಯಿತು. ಅಪ್ಪನಿಗೆ ಹೇಳಲಿಲ್ಲ ಅವಳು, ನಿನಗೊಬ್ಬಳಿಗೆ ಹೇಳಿದ್ದಳು. ನೀನು ಅದನ್ನು ನನಗೆ ಹೇಳಿದ್ದು ಅವಳ ತಿಥಿಯ ದಿನ. ಆಗ ನಾನು ‘ಅವ್ವ ಯಾಕೆ ಹೆದರಬೇಕಿತ್ತು?’ ಅಂತ ದೊಡ್ಡದಾಗಿ ಕೇಳಿದ್ದೆ. ಈಗ ಗೊತ್ತಾಗಿದೆ.

ಬಾಗಿಲಿಗೆ ಬಂದವರಿಗೆ ನೀರು ಬೆಲ್ಲ ಕೊಡದೆ ಕಳಿಸದ ಮನೆ ನಮ್ಮದು. ಯಾರಾದರೂ ಅಮ್ಮಾ ಅಂದರೆ ಮಾತು ಮುಗಿಯುವವರೆಗೆ ಕೇಳಬೇಕು ಅನ್ನುವುದು ನಿನ್ನ ರಕ್ತದಲ್ಲೇ ಇದೆ. ಇದೊಂದು ವಿಷಯದಲ್ಲಿ ನೀನು ಮರ್ಯಾದೆ ಬಿಡಬೇಕು ಅಕ್ಕ. ಗೊತ್ತಿಲ್ಲದವನು ಫೋನಿನಲ್ಲಿ ದುಡ್ಡಿನ ಮಾತೆತ್ತಿದರೆ, ಅವನ ಮಾತಿನ ಮಧ್ಯದಲ್ಲೇ ಫೋನ್ ಇಟ್ಟುಬಿಡು. ಉತ್ತರ ಕೊಡಬೇಡ, ಜಗಳಕ್ಕೂ ನಿಲ್ಲಬೇಡ. ಅವನು ನಿಜವಾದವನೇ ಆಗಿದ್ದರೆ ನಾಳೆ ಆಫೀಸಿಗೇ ಹೋಗಿ ವಿಚಾರಿಸಬಹುದು, ಏನೂ ಮುಳುಗಿಹೋಗುವುದಿಲ್ಲ.

ಭಯ ಆಯಿತು ಅಂದೆನಲ್ಲ, ಯಾಕೆ ಅಂದರೆ ಇದಕ್ಕೆ. ಸೊಪ್ಪಿನ ದುಡ್ಡು ನೇರ ನಿನ್ನ ಖಾತೆಗೇ ಬೀಳುತ್ತದೆ. ಬ್ಯಾರನ್ ಬೆಂಕಿ ಮುಂದೆ ನಿದ್ದೆಗೆಟ್ಟು ಗಳಿಸಿದ ದುಡ್ಡು ಅದು. ತಂಬಾಕು ಮಂಡಳಿಯಿಂದ ಮಾತಾಡುತ್ತೇವೆ, ನಿಮ್ಮ ಬೇಲಿನ ದುಡ್ಡು ತಡೆದಿದೆ, ಖಾತೆ ಸರಿಮಾಡಬೇಕು ಅಂತ ಯಾರಾದರೂ ಅಂದರೆ ನೀನು ನಂಬಿಬಿಡುತ್ತೀಯ. ಹಾಗೇನಾದರೂ ಇದ್ದರೆ ಕಂಪಲಾಪುರಕ್ಕೇ ಹೋಗಿ ಕೇಳು.

ಗೃಹಲಕ್ಷ್ಮಿ ದುಡ್ಡಿನ ವಿಚಾರವೂ ಅಷ್ಟೇ. 2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಅದನ್ನು ಶುರುಮಾಡಿದಾಗ ನೀನು ಊರಿನ ಹೆಂಗಸರ ಜೊತೆ ಬಸ್ಸಿನಲ್ಲಿ ಹೋಗಿ ಬಂದು ಮೂರು ದಿನ ಅದೇ ಕತೆ ಹೇಳಿದ್ದೆ. ಆ ಎರಡು ಸಾವಿರ ಒಂದು ತಿಂಗಳು ತಡವಾದರೆ ಸಾಕು, ಹೆಂಗಸರು ಒಬ್ಬರನ್ನೊಬ್ಬರು ‘ನಿನಗೆ ಬಂತಾ?’ ಅಂತ ಕೇಳಲು ಶುರುಮಾಡುತ್ತಾರೆ. ಆ ಕಾಯುವಿಕೆಯೇ ಕಳ್ಳನಿಗೆ ಹದವಾದ ನೆಲ. ‘ನಿಮ್ಮ ದುಡ್ಡು ನಿಂತಿದೆ, ಈ ಲಿಂಕ್ ಒತ್ತಿ’ ಅಂತ ಬಂದರೆ ಒತ್ತಬೇಡ. ಅಂಗನವಾಡಿ ಟೀಚರನ್ನು ಕೇಳು, ಇಲ್ಲವೇ ಪಿರಿಯಾಪಟ್ಟಣದ ಸಿಡಿಪಿಒ ಆಫೀಸಿಗೆ ಹೋಗು. ಕಿಸಾನ್ ಸಮ್ಮಾನ್ ಪಟ್ಟಿ ಅಂತಲೋ ಮದುವೆ ಕಾಗದ ಅಂತಲೋ ವಾಟ್ಸ್ಆ್ಯಪಿನಲ್ಲಿ ಫೈಲು ಬಂದು, ಅದರ ಹೆಸರಿನ ತುದಿಯಲ್ಲಿ ‘ಎಪಿಕೆ’ ಅಂತ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಮುಟ್ಟಲೇಬೇಡ. ಅದು ಕಾಗದವಲ್ಲ, ಫೋನಿನೊಳಗೆ ಬಂದು ಕೂರುವ ಆ್ಯಪ್. ನಮ್ಮ ಕಡೆ ಮದುವೆಗೆ ಕರೆಯುವವರು ಅಕ್ಷತೆ ಹಿಡಿದುಕೊಂಡು ಬರುತ್ತಾರೆ. ಬರದವರ ಮದುವೆಗೆ ನೀನು ಹೋಗುವವಳೂ ಅಲ್ಲ.

ನಿನ್ನ ಪ್ರಾಮಾಣಿಕತೆಯ ಮೇಲೇ ಬೀಳುವ ಇನ್ನೊಂದು ಬಗೆ ಇದೆ. ‘ಅಮ್ಮಾ, ಆಸ್ಪತ್ರೆಗೆ ಕಳಿಸಬೇಕಾದ ಐದು ಸಾವಿರ ತಪ್ಪಿ ನಿಮ್ಮ ನಂಬರಿಗೆ ಹಾಕಿಬಿಟ್ಟೆ, ದಯವಿಟ್ಟು ವಾಪಸ್ ಹಾಕಿ’ ಅಂತ ಅಳುತ್ತಾನೆ. ದುಡ್ಡು ಜಮಾ ಆದ ಹಾಗೆ ಒಂದು ಮೆಸೇಜೂ ಬಂದಿರುತ್ತದೆ. ಆ ಮೆಸೇಜನ್ನು ಕಳಿಸಿದವನೂ ಅವನೇ. ಡೈರಿಯಲ್ಲಿ ಹಾಲಿನ ದುಡ್ಡು ಇಪ್ಪತ್ತು ರೂಪಾಯಿ ಜಾಸ್ತಿ ಬಂತು ಅಂತ ಮಳೆಯಲ್ಲಿ ವಾಪಸ್ ಕೊಡಲು ಹೋದವಳು ನೀನು! ಇಂಥವನಿಗೆ ‘ನಿನ್ನ ಬ್ಯಾಂಕಿಗೆ ಹೋಗಿ ಹೇಳಪ್ಪ’ ಅಂದರೆ ಸಾಕು. ಪಿನ್ನಿನ ವಿಚಾರವೂ ತಲೆಯಲ್ಲಿರಲಿ. ಮಸಣಿಕಮ್ಮನ ಗುಡಿಯ ಹುಂಡಿಗೆ ಕಾಸು ಹಾಕಲು ಬೀಗದ ಕೈ ಬೇಕೇನು? ತೆಗೆಯಲು ತಾನೇ ಬೇಕು. ದುಡ್ಡು ಬರುವುದಕ್ಕೆ ಪಿನ್ ಒತ್ತಿ ಅಂದವನು ಹುಂಡಿ ಒಡೆಯಲು ಬಂದವನು.

ಮೆಸೇಜು ಅಸಲಿಯೋ ನಕಲಿಯೋ ಅಂತ ನೋಡಲು ಒಂದು ಗುರುತಿದೆ. ಬ್ಯಾಂಕು, ಸರ್ಕಾರದ ಮೆಸೇಜು ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಗೆರೆ ಎಳೆದು ಒಂದು ಅಕ್ಷರವನ್ನೂ ಹಾಕುತ್ತಾರೆ. ಸರ್ಕಾರದ್ದಾದರೆ ‘ಜಿ’, ಜಾಹೀರಾತಾದರೆ ‘ಪಿ’. ನನಗೆ ಬಂದ ಕರೆಂಟಿನ ಮೆಸೇಜು ಯಾರದೋ ಮೊಬೈಲಿನಿಂದ ಬಂದದ್ದು. ಕಣ್ಣೆದುರಿಗಿದ್ದ ಚೀಟಿಯನ್ನೇ ನೋಡದವನು ಇದನ್ನೆಲ್ಲಿ ನೋಡಿಯಾನು.

ಬರೆಯಲು ಕೈ ಹಿಂಜರಿಯುವ ಸಂಗತಿಯೊಂದಿದೆ. ಪೊಲೀಸ್ ವೇಷ ಹಾಕಿಕೊಂಡು ವೀಡಿಯೊ ಕಾಲ್ ಮಾಡುತ್ತಾರೆ. ನಿಮ್ಮ ಆಧಾರ್ ಯಾವುದೋ ಕೇಸಿನಲ್ಲಿ ಸಿಕ್ಕಿದೆ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ ಅನ್ನುತ್ತಾರೆ. ನಮ್ಮ ವಿಜಯಪುರದವರೊಬ್ಬರಿಗೆ ಬಂದ ಇಂಥ ಕರೆಯನ್ನು ಪ್ರಧಾನಿ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ದೇಶಕ್ಕೆಲ್ಲ ಕೇಳಿಸಿದರು. ಫೋನಿನಲ್ಲಿ ಬಂಧಿಸುವುದು ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಆದರೂ 2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ವಯಸ್ಸಾದ ಗಂಡ ಹೆಂಡತಿ ಹೀಗೇ 50 ಲಕ್ಷಕ್ಕೂ ಹೆಚ್ಚು ಕಳೆದುಕೊಂಡು, ಕಿರುಕುಳ ತಾಳಲಾರದೆ ಜೀವ ಕಳೆದುಕೊಂಡರು. ನನ್ನನ್ನು ನಾಲ್ಕು ದಿನ ಸುಮ್ಮನೆ ಕೂರಿಸಿದ್ದು ನಾಚಿಕೆ ಮಾತ್ರ. ಅವರನ್ನು ಹೆದರಿಕೆಯೂ ಕಟ್ಟಿಹಾಕಿತ್ತು. ಯಾರಿಗೂ ಹೇಳಬೇಡಿ ಅಂತ ಯಾವನಾದರೂ ಅಂದ ಕ್ಷಣವೇ, ಎದ್ದು ಹೊರಗೆ ಬಂದು ಪಕ್ಕದ ಮನೆಯವರನ್ನು ಕೂಗು.

ನನ್ನ ದನಿಯಲ್ಲೇ ಫೋನ್ ಬಂದರೂ ನಂಬಬೇಡ. ಈಗ ದನಿಯನ್ನೂ ನಕಲು ಮಾಡುತ್ತಾರೆ. ‘ಅಕ್ಕ, ಆ್ಯಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಹಾಕು’ ಅಂತ ನಾನೇ ಅತ್ತ ಹಾಗೆ ಕೇಳಿದರೆ, ನಾವು ಚಿಕ್ಕವರಿದ್ದಾಗ ಒಂದು ಕೋಡು ಮುರಿದುಕೊಂಡಿದ್ದ ಹಸುವಿನ ಹೆಸರು ಕೇಳು. ಆ ಹೆಸರು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಇಲ್ಲೂ ಬರೆಯುವುದಿಲ್ಲ.

ಹೆಬ್ಬೆಟ್ಟಿನಲ್ಲೂ ಮೋಸ ನಡೆಯುತ್ತದೆ. ಎಚ್.ಡಿ. ಕೋಟೆ ಕಡೆ ನಾನು ಪಾಠ ಹೇಳಿದ ಶಿಷ್ಯನೊಬ್ಬ ಈಗ ಕಾಡಂಚಿನ ಹಾಡಿಗಳಿಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ಕೆಲಸದಲ್ಲಿದ್ದಾನೆ. ಮಷೀನು ತೆಗೆದುಕೊಳ್ಳಲಿಲ್ಲ, ಇನ್ನೊಂದು ಸಲ ಒತ್ತಿ ಅಂದರೆ ಮೊದಲು ಚೀಟಿ ಕೇಳಬೇಕು ಅಂತ ಅವನೇ ಎಲ್ಲರಿಗೂ ಹೇಳಿಕೊಡುತ್ತಾನೆ. 2023ರಲ್ಲಿ, ನಮ್ಮ ರಾಜ್ಯದಲ್ಲೇ ರಿಜಿಸ್ಟರ್ ಆದ ಆಸ್ತಿಪತ್ರಗಳಿಂದ ಹೆಬ್ಬೆಟ್ಟಿನ ಗುರುತು ಕದ್ದು ಆಧಾರ್ ಮೂಲಕ ದುಡ್ಡು ತೆಗೆದವರು ಸಿಕ್ಕಿಬಿದ್ದರು. ವಿಭಾಗಪತ್ರಕ್ಕೆ ನೀನೂ ಒತ್ತಿದ್ದೀಯ. ಆಧಾರಿನಲ್ಲಿ ಬೆರಳಿನ ಗುರುತಿಗೆ ಬೀಗ ಹಾಕಿಡಬಹುದು, ಬೇಕಾದಾಗ ತೆಗೆಯಬಹುದು. ಬಂದಾಗ ಹಾಕಿಕೊಡುತ್ತೇನೆ.

ಇಷ್ಟೆಲ್ಲ ಆದಮೇಲೂ ಒಂದು ದಿನ ಏನಾದರೂ ಆಗಿಬಿಟ್ಟರೆ, ಅತ್ತುಕೊಂಡು ಕೂರಬೇಡ. ಮೊದಲು 1930, ಆಮೇಲೆ ಬ್ಯಾಂಕು, ಆಮೇಲೆ ನಾನು. ಎಷ್ಟು ಹೊತ್ತಿಗೆ ಎಷ್ಟು ಹೋಯಿತು ಅನ್ನುವ ಮೆಸೇಜನ್ನು ಅಳಿಸಬೇಡ, ಅದನ್ನೇ ಅವರು ಕೇಳುವುದು. ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಫೀಸು ಕಟ್ಟಿ ಅಂತ ಆಮೇಲೆ ಇನ್ನೊಬ್ಬ ಬರುತ್ತಾನೆ. ನನಗೂ ಬಂದ. ಅವನ ಮಾತಿನ ಮಧ್ಯದಲ್ಲೇ ಫೋನ್ ಇಟ್ಟೆ. ನಾನು ಬೈಯುತ್ತೇನೆ ಅಂತ ಹೆದರಬೇಡ, ಬೈಯುವ ಯೋಗ್ಯತೆಯನ್ನು 48,600ಕ್ಕೆ ಮಾರಿಕೊಂಡಿದ್ದೇನೆ.

ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಾಗದ ಓದಿದ ಮೇಲೆ ಮಡಚಿ ಪೆಟ್ಟಿಗೆಯಲ್ಲಿ ಇಡಬೇಡ, ಮಗಳಿಗೂ ಓದಿಸು. ಸಂಜೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತಾಗ ನಾಲ್ಕು ಜನಕ್ಕೆ ಹೇಳು: ನನ್ನ ತಮ್ಮ ಮೇಷ್ಟ್ರು, ಸೊನ್ನೆ ಬಿಲ್ಲಿಗೆ ದುಡ್ಡು ಕಟ್ಟಿದ ಅಂತ.

ಇಂತಿ ನಿನ್ನ ಪ್ರೀತಿಯ
ತಮ್ಮ