ಬೇಕಾದಷ್ಟು ಎಂಬ ಅಳತೆ



ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಇದನ್ನು ವೈರಾಗ್ಯದ ಪಾಠವೆಂದು ಕೇಳುತ್ತ ಬೆಳೆದವನು ನಾನು. ಅದು ಅಡುಗೆಮನೆಯ ಪಾಠವೂ ಹೌದೆಂದು ಅರಿತದ್ದು, ಕಳೆದ ವರ್ಷ ಧಾರವಾಡದ ಮನೆಯನ್ನು ಬಿಟ್ಟು ಬೆಂಗಳೂರಿನಲ್ಲಿ ಒಂದು ಕೋಣೆ ಹಿಡಿದಾಗ.

ಸಂಬಳದಲ್ಲಿ ಬಾಡಿಗೆ ಹೋಗಿ, ತಂಗಿಯ ಕಾಲೇಜು ಶುಲ್ಕಕ್ಕೆಂದು ಊರಿಗೆ ಕಳುಹಿಸುವ ಹಣ ಹೋಗಿ, ಉಳಿದದ್ದರಲ್ಲಿ ಊಟ ನಡೆಯಬೇಕು. ಬಾಡಿಗೆಯನ್ನು ತಗ್ಗಿಸಲಾಗದು, ಶುಲ್ಕವನ್ನೂ ತಗ್ಗಿಸಲಾಗದು. ಆದ್ದರಿಂದ ಕೈ ಮೊದಲು ಹೋಗುವುದು ತಟ್ಟೆಯ ಮೇಲೆಯೇ. ಅದನ್ನು ಅರಿತೇ ಅವ್ವ ಫೋನಿನಲ್ಲಿ ಕೇಳುತ್ತಿದ್ದಳು: "ಎಷ್ಟು ಉಳೀತು ಅನ್ನೋದು ಬ್ಯಾಡ, ಇವತ್ತು ಏನು ಉಂಡಿ ಹೇಳಪ್ಪಾ."

ಲಕ್ಕಮ್ಮ ತಾಯಿ ಮೊದಲು ನೋಡಿದ್ದು ಮನೆಗೆ ಬೇಕಾದುದೆಷ್ಟು ಎಂಬುದನ್ನು. ನಾನೂ ರೂಪಾಯಿ ಎಣಿಸುವ ಮೊದಲು ಧಾನ್ಯವನ್ನು ಅಳೆದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, 2000 ಕ್ಯಾಲೊರಿಯ ಆಹಾರದಲ್ಲಿ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಇರಬೇಕು. ಅಂದರೆ ತಿಂಗಳಿಗೆ ಏಳೂವರೆ ಕಿಲೋ ಧಾನ್ಯ, ಸುಮಾರು ಎರಡೂವರೆ ಕಿಲೋ ಬೇಳೆಕಾಳು. ನಾನು ನಾಲ್ಕು ಕಿಲೋ ಜೋಳ, ಮೂರೂವರೆ ಕಿಲೋ ಅಕ್ಕಿ ಎಂದು ಹಂಚಿಕೊಂಡೆ. ಬೇಳೆಕಾಳಿನಲ್ಲಿ ತೊಗರಿ, ಹೆಸರು, ಕಡಲೆ. ಸಂಬಳ ಬಂದ ದಿನವೇ ಇವಿಷ್ಟು ಡಬ್ಬಿ ಸೇರಿದರೆ ತಿಂಗಳ ಕೊನೆಯ ಭಯವಿಲ್ಲ. ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುವುದರಿಂದ ಹದಿನೈದು ದಿನಕ್ಕೊಮ್ಮೆ ಗಿರಣಿಗೆ ಒಯ್ಯುತ್ತೇನೆ. ಹಾಲು, ತರಕಾರಿಯ ಹಣವನ್ನು ನಾಲ್ಕು ವಾರಗಳಿಗೆ ಭಾಗ ಮಾಡಿ ಬೇರೆಯಾಗಿ ಇಡುತ್ತೇನೆ. ತಿಂಗಳ ಕೊನೆಗೆ ಡಬ್ಬಿಯಲ್ಲಿ ಮಿಕ್ಕುದನ್ನು ತೂಗಿ, ಮುಂದಿನ ಪಟ್ಟಿಯಲ್ಲಿ ಅಷ್ಟನ್ನು ಕಳೆಯುತ್ತೇನೆ. ಹೆಚ್ಚಾದುದನ್ನು ಹಿಂದಿರುಗಿಸುವ ನನ್ನ ರೀತಿ ಇದು.

ಬೇಕಾದುದಕ್ಕಿಂತ ಹೆಚ್ಚು ಕೂಡಿಸಿದರೆ ಅದು ಆಸೆ. ಬೇಕಾದುದಕ್ಕಿಂತ ಕಡಿಮೆ ಉಂಡು ದೇಹವನ್ನು ಬಳಲಿಸಿದರೆ ಅದನ್ನು ಮಿತವ್ಯಯವೆನ್ನಲಾಗದು, ಏಕೆಂದರೆ ಕಾಯಕ ಮಾಡಬೇಕಾದುದು ಈ ದೇಹವೇ. ಹಸಿದ ಮಗ ಕಳುಹಿಸಿದ ಹಣದಿಂದ ಯಾವ ತಾಯಿಗೂ ನೆಮ್ಮದಿಯಿಲ್ಲ.

ಹೊಸದಾಗಿ ಮನೆ ಬಿಟ್ಟು ಹೊರಡುವ ತಮ್ಮ ತಂಗಿಯರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಹೊಟ್ಟೆಯ ಅಳತೆಯನ್ನು ಮೊದಲು ಬರೆದಿಡಿ, ಬೆಲೆಯನ್ನು ಆಮೇಲೆ. ಆ ಅಳತೆಗೆ ಒಂದು ಹಿಡಿ ಅಕ್ಕಿಯನ್ನು ಸೇರಿಸಿ. ಅದು ಬಾಗಿಲಿಗೆ ಬಂದವರದು.