ಮೆರವಣಿಗೆಗೆ ಲೈಸೆನ್ಸ್ ಬೇಡ, ವಿಡಿಯೋಗೆ ಬೇಕು!

ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮದುವೆ ಅಂದ್ರೆ ಬ್ಯಾಂಡ್ ಸೆಟ್ ಇರಲೇಬೇಕು. ಗಣೇಶನನ್ನು ಬಿಡೋಕೆ, ಊರ ಜಾತ್ರೆಗೆ, ನವೆಂಬರ್ ಒಂದರ ಭುವನೇಶ್ವರಿ ಮೆರವಣಿಗೆಗೆ ಕೂಡ ಅದೇ ಕೆಂಪು ಕೋಟು, ಅದೇ ಟ್ರಂಪೆಟ್ಟು, ಅದೇ ಡ್ರಮ್ಮು. ಮೊದಲೆಲ್ಲ ಅವರನ್ನು ಗೊತ್ತು ಮಾಡೋಕೆ ಮನೆಯ ಹಿರಿಯರು ಬ್ಯಾಂಡಿನವರ ಅಂಗಡಿಗೇ ಹೋಗಿ, ಅಡ್ವಾನ್ಸ್ ಕೊಟ್ಟು ಬರ್ತಿದ್ರು. ಈಗ ನಮ್ಮಂಥವರು ಬೆಂಗಳೂರಲ್ಲಿ ಕೂತು, ಫೋನಲ್ಲಿ ಎರಡು ವಿಡಿಯೋ ನೋಡಿ ಬುಕ್ ಮಾಡ್ತೀವಿ. ಅಂದ್ರೆ ಬ್ಯಾಂಡಿನವರಿಗೆ ವಿಡಿಯೋ ಅನ್ನೋದು ಶೋಕಿ ಅಲ್ಲ, ಅದೇ ಅವರ ಅಂಗಡಿ ಬೋರ್ಡು.

ಹೋದ ವರ್ಷ ನಮ್ಮ ಬೀದಿಯ ಬ್ಯಾಂಡ್ ಮೇಷ್ಟ್ರ ಆ ಬೋರ್ಡಿಗೇ ಯಾರೋ ಬಟ್ಟೆ ಮುಚ್ಚಿದ ಹಾಗಾಯ್ತು. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಅವರ ಹುಡುಗರು ಬಾರಿಸಿದ ವಿಡಿಯೋವನ್ನು ಮಗ ಒಂದು ಆಪ್‌ಗೆ ಹಾಕಿದ್ದ. ಎರಡೇ ದಿನಕ್ಕೆ ಅದರ ಸದ್ದು ಹೋಯ್ತು. ಚಿತ್ರ ಓಡ್ತಿದೆ, ಕೆನ್ನೆ ಉಬ್ಬಿಸಿ ಊದ್ತಿದ್ದಾರೆ, ಆದ್ರೆ ಒಂದು ಸ್ವರವೂ ಕೇಳಲ್ಲ. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ನೋಟಿಸು.

“ಏನಪ್ಪಾ, ನೀನು ಸಾಫ್ಟ್‌ವೇರು. ಇದೇನು ನೋಡು” ಅಂತ ಫೋನ್ ಕೈಗಿಟ್ಟರು. “ಊದಿದ್ದು ನಾವು, ಬಾರಿಸಿದ್ದು ನಾವು. ಹಾಡು ಕದ್ದಿದ್ದೀವಿ ಅಂತಾನಲ್ಲ, ನಾವೇನು ಕದ್ದಿದ್ದು?”

ಆ “ಕದ್ದಿದ್ದು” ಅನ್ನೋ ಮಾತು ನನಗೆ ಚುಚ್ಚಿತು. ಮೂವತ್ತು ವರ್ಷದಿಂದ ಊದಿ ಊದಿ ತುಟಿ ಗಟ್ಟಿಯಾದ ಮನುಷ್ಯ ಅವರು. “ಕದ್ದಿಲ್ಲ ಅಣ್ಣ, ಇರಿ, ಏನಂತ ಓದ್ತೀನಿ” ಅಂದೆ. ಆ ಶನಿವಾರ, ಭಾನುವಾರ ಎರಡೂ ದಿನ ಅದರಲ್ಲೇ ಕಳೆಯಿತು.

ಮೊದಲು ಯಂತ್ರದ ಕಡೆ ಬರೋಣ. ಈ ಆಪ್‌ಗಳಲ್ಲಿ ಯಾರೋ ಕೂತು ನಮ್ಮ ವಿಡಿಯೋ ಕೇಳೋದಿಲ್ಲ. ಹಾಡಿನ ಹಕ್ಕಿನವರು ತಮ್ಮ ಹಾಡುಗಳನ್ನು ಮೊದಲೇ ಕೊಟ್ಟಿರ್ತಾರೆ. ಯಂತ್ರ ಪ್ರತಿ ಹಾಡಿನಿಂದಲೂ ಒಂದು ಬೆರಳಚ್ಚು ತೆಗೆದಿಟ್ಟುಕೊಂಡಿರುತ್ತೆ. ಹೊಸ ವಿಡಿಯೋ ಬಂದ ಕೂಡಲೇ ಅದರ ಸದ್ದನ್ನು ಆ ರಾಶಿಯ ಜೊತೆ ಹೋಲಿಸುತ್ತೆ. ಯೂಟ್ಯೂಬಿನಲ್ಲಿ ಇದಕ್ಕೆ ಕಂಟೆಂಟ್ ಐಡಿ ಅಂತ ಹೆಸರು, 2007ರಿಂದ ಇದೆ. ಮೂಲ ರೆಕಾರ್ಡಿಂಗ್ ಇರದೆ ಬರೀ ಧಾಟಿ ಹೊಂದಿದರೂ ಹಿಡಿಯೋ ಮಟ್ಟಕ್ಕೆ ಅದು ಬಂದಿದೆ. ಹಾಗೆ ನೋಡಿದ್ರೆ ಮೇಷ್ಟ್ರ ಹುಡುಗರು ಶ್ರುತಿ ತಪ್ಪದೆ ಬಾರಿಸಿದ್ದಕ್ಕೇ ಸಿಕ್ಕಿಬಿದ್ದರು!

ಇನ್ನು ಕಾನೂನು. ಇಲ್ಲಿ ಮೇಷ್ಟ್ರ ಸಿಟ್ಟಿಗೂ ಅರ್ಥವಿದೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಬ್ಯಾಂಡಿನವರ ಪರವಾಗಿಯೇ ಇದೆ. ಧಾರ್ಮಿಕ ಆಚರಣೆಯಲ್ಲಿ, ಸರ್ಕಾರದ ಅಧಿಕೃತ ಸಮಾರಂಭದಲ್ಲಿ ಹಾಡು ಬಾರಿಸಿದರೆ ಅದು ಉಲ್ಲಂಘನೆ ಅಲ್ಲ. ಮದುವೆ ಮೆರವಣಿಗೆಯೂ ಇದರಲ್ಲಿ ಸೇರುತ್ತೆ ಅಂತ ಕಾಯ್ದೆಯೇ ಬಿಡಿಸಿ ಹೇಳಿದೆ. ಮದುವೆ ಮನೆಗಳಲ್ಲಿ ಲೈಸೆನ್ಸ್ ಕೇಳೋರು ಜಾಸ್ತಿಯಾದಾಗ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತೊಮ್ಮೆ ಪ್ರಕಟಣೆ ಹೊರಡಿಸಿ ಇದನ್ನೇ ಸ್ಪಷ್ಟಪಡಿಸಿತು. ಶಾಲೆಯ ಮಕ್ಕಳು ತಮ್ಮ ಮೇಷ್ಟ್ರು, ಅಪ್ಪ ಅಮ್ಮಂದಿರ ಮುಂದೆ ಬ್ಯಾಂಡ್ ಬಾರಿಸೋಕೂ ರಿಯಾಯಿತಿ ಇದೆ. ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಗಣರಾಜ್ಯೋತ್ಸವದ ದಿನ ಮಕ್ಕಳು ಸಿನಿಮಾ ಹಾಡಿನ ಧಾಟಿಗೆ ಹೆಜ್ಜೆ ಹಾಕಿದರೆ ಯಾರೂ ಬಿಲ್ ಕಳಿಸೋ ಹಾಗಿಲ್ಲ.

ಆದ್ರೆ ಈ ರಿಯಾಯಿತಿ ಆ ಸಮಾರಂಭಕ್ಕೆ ಮಾತ್ರ. ಅದನ್ನು ಚಿತ್ರೀಕರಿಸಿ ಇಂಟರ್‌ನೆಟ್ಟಿಗೆ ಹಾಕಿದ ಕೂಡಲೇ ಅದು ಬೇರೆಯೇ ಕೆಲಸ. ಚಿತ್ರಕ್ಕೆ ಹಾಡು ಜೋಡಿಸೋ ಈ ಹಕ್ಕಿಗೆ ಸಂಗೀತದ ವ್ಯಾಪಾರದವರು ಸಿಂಕ್ ಅಂತಾರೆ. ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ನಮ್ಮೂರಿನವರಿಗೆ ಮಾತ್ರ ಈ ಪಾಡು ಅಂದ್ಕೋಬೇಡಿ. ಅಮೆರಿಕದಲ್ಲಿ ಬ್ಯಾಂಡ್ ತಂಡಗಳಿಗೆ ದೊಡ್ಡ ಸ್ಪರ್ಧೆ ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಕೂಡ, ಮೈದಾನದಲ್ಲಿ ಬಾರಿಸಿದ ಕೆಲವು ಹಾಡಿಗೆ ವಿಡಿಯೋ ಹಕ್ಕು ಸಿಗದೆ, ಅಷ್ಟು ಭಾಗದ ಸದ್ದು ತೆಗೆಯಬೇಕಾಗಿ ಬಂದಿತ್ತು.

ಒಂದು ಹಾಡು ಅಂದ್ರೆ ಮೂರು ಪದರ ಅಂತ ಮೇಷ್ಟ್ರಿಗೆ ಹೀಗೆ ಹೇಳಿದೆ: “ಅಣ್ಣ, ಸಾಹಿತ್ಯ ಒಂದು, ಧಾಟಿ ಒಂದು, ರೆಕಾರ್ಡಿಂಗ್ ಒಂದು. ನೀವು ಹಾಡಲ್ಲ, ಊದ್ತೀರ. ಅದಕ್ಕೆ ಸಾಹಿತ್ಯದ ಗೊಡವೆ ಇಲ್ಲ. ಸ್ಪೀಕರಲ್ಲಿ ಸಿ.ಡಿ. ಹಾಕಲ್ಲ, ಅದಕ್ಕೆ ರೆಕಾರ್ಡಿಂಗ್ ಗೊಡವೆಯೂ ಇಲ್ಲ. ಉಳಿದಿದ್ದು ಧಾಟಿ.”

ಧಾಟಿಯ ಹಕ್ಕು ಅದನ್ನು ಹಾಕಿದವರು ಬದುಕಿರೋವರೆಗೂ ಇರುತ್ತೆ, ಅವರು ತೀರಿಕೊಂಡ ಮೇಲೂ 60 ವರ್ಷ. ಮೇಷ್ಟ್ರು ಬಾರಿಸಿದ್ದು 1993ರ ‘ಆಕಸ್ಮಿಕ’ ಸಿನಿಮಾದ, ಎಲ್ಲ ರಾಜ್ಯೋತ್ಸವದಲ್ಲೂ ಕೇಳೋ ಆ ಹಾಡು. ಬರೆದಿದ್ದು, ಸಂಗೀತ ಕೊಟ್ಟಿದ್ದು ಎರಡೂ ಹಂಸಲೇಖ ಅವರು. ನಾಡಗೀತೆಯನ್ನೇ ತಗೊಳ್ಳಿ. ಕುವೆಂಪು ಪದ್ಯಕ್ಕೆ 2022ರಲ್ಲಿ ಸರ್ಕಾರ ಅಧಿಕೃತ ಮಾಡಿದ ಧಾಟಿ ಮೈಸೂರು ಅನಂತಸ್ವಾಮಿ ಅವರದು. ಅವರು ತೀರಿಕೊಂಡಿದ್ದು 1995ರಲ್ಲಿ. ‘ಸಾರೇ ಜಹಾಂ ಸೇ ಅಚ್ಛಾ’ ಬರೆದ ಇಕ್ಬಾಲ್ 1938ರಲ್ಲೇ ಹೋದರು, ಆದ್ರೆ ಈಗ ಎಲ್ಲರೂ ಬಾರಿಸುವ ಧಾಟಿ ಹಾಕಿದ ರವಿಶಂಕರ್ ಹೋಗಿದ್ದು 2012ರಲ್ಲಿ. ಹಳೇ ಹಾಡು ಅಂದ ಮಾತ್ರಕ್ಕೆ ಹಳೇ ಧಾಟಿ ಅಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: “ಧಾಟಿ ಹಾಕಿದವರಿಗೆ ಹಕ್ಕಿರಲಿ, ಬೇಡ ಅನ್ನಲ್ಲ. ನಮಗೇನೂ ಇಲ್ವಾ?”

ಇದೆ! ನನಗೂ ಅವತ್ತೇ ಗೊತ್ತಾಗಿದ್ದು. ಅದೇ ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ ಪ್ರದರ್ಶನ ಕೊಡುವವರ ಹಕ್ಕು ಅಂತ ಒಂದಿದೆ, 50 ವರ್ಷ ಇರುತ್ತೆ. ಟ್ರಂಪೆಟ್ ಊದುವವರೂ ಅದರಲ್ಲಿ ಬರ್ತಾರೆ. 2012ರ ತಿದ್ದುಪಡಿಯಲ್ಲಿ, ಇದು ಬಾರಿಸಿದ್ದು ನಾನು ಅಂತ ಹೆಸರು ಹೇಳಿಸಿಕೊಳ್ಳೋ ಹಕ್ಕನ್ನೂ ಸೇರಿಸಿದರು. ಆದ್ರೆ ಮದುವೆ ವಿಡಿಯೋ ಹಾಕುವಾಗ ಮೇಕಪ್ ಮಾಡಿದವರಿಗೆ ಟ್ಯಾಗ್, ಡೆಕೋರೇಷನ್‌ನವರಿಗೆ ಟ್ಯಾಗ್, ಫೋಟೋದವರಿಗೆ ಟ್ಯಾಗ್. ಬ್ಯಾಂಡಿನವರ ಹೆಸರು ಎಲ್ಲಾದರೂ ನೋಡಿದ್ದೀರಾ? ಧಾಟಿ ಯಾರದು ಅಂತ ಯಂತ್ರಕ್ಕೆ ಗೊತ್ತು. ಬಾರಿಸಿದವರು ಯಾರು ಅಂತ ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಆ ನೋಟಿಸಿಗೆ ನಾವು ತಕರಾರು ಹಾಕಲಿಲ್ಲ. ಧಾಟಿ ಅವರದೇ ಆಗಿರುವಾಗ ಜಗಳ ಗೆಲ್ಲೋದಲ್ಲ. ಅದರ ಬದಲು ಒಂದು ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲೆ ಹೊಸದಾಗಿ ಶೂಟ್ ಮಾಡಿದ್ವಿ. ಕೈವಾರ ತಾತಯ್ಯನವರ ಒಂದು ಕೀರ್ತನೆಗೆ ಮೇಷ್ಟ್ರೇ ಧಾಟಿ ಕಟ್ಟಿದ್ರು. ತಾತಯ್ಯನವರು ಹೋಗಿ ಸುಮಾರು 190 ವರ್ಷ ಆಯ್ತು, ಅವರ ಪದ ಎಲ್ಲರ ಸೊತ್ತು. ಆಮೇಲೆ ಐದು ನಿಮಿಷ ಬರೀ ತಮಟೆ, ಡ್ರಮ್ಮಿನ ಜುಗಲ್‌ಬಂದಿ. ತಮಟೆಯ ಗತ್ತಿಗೆ ಯಾವ ಕಂಪನಿಯೂ ಯಜಮಾನನಲ್ಲ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ತಮಟೆಗೆ ತಾನೆ! ವಿಡಿಯೋ ಕೆಳಗೆ ಹದಿನಾಲ್ಕು ಜನರ ಹೆಸರೂ ಕನ್ನಡದಲ್ಲಿ ಬರೆದ್ವಿ. ಮಾಘ ಮಾಸದಲ್ಲಿ ಆ ವಿಡಿಯೋ ನೋಡಿಯೇ ಮೂರು ಮದುವೆ ಗೊತ್ತಾದವು. ಸಿನಿಮಾ ಹಾಡು ಬಿಟ್ಟಿಲ್ಲ, ಮೆರವಣಿಗೆಯಲ್ಲಿ ಜನ ಕೇಳೋದು ಅದನ್ನೇ. ಬೀದಿಯಲ್ಲಿ ಅದು, ಫೋನಿನಲ್ಲಿ ಇದು.

ನಿಮ್ಮ ಮನೆಯಲ್ಲೂ ಈ ಸೀಸನ್ನಿನಲ್ಲಿ ಮದುವೆ ಇರಬಹುದು. ಬ್ಯಾಂಡಿನವರು ಊದೋ ವಿಡಿಯೋ ಹಾಕೋ ಮುಂಚೆ ಅವರನ್ನು ಒಂದು ಮಾತು ಕೇಳಿ. ಸಂಪಾದನೆಗೆ ಬಳಸೋ ವಿಡಿಯೋ ಆದ್ರೆ, ಧಾಟಿ ಯಾರದು ಅಂತ ನೋಡಿ. ಕೊನೆಗೆ ಬಾರಿಸಿದವರ ಹೆಸರು, ಊರು ಕೆಳಗೆ ಬರೆಯಿರಿ. ಅದಕ್ಕೆ ಯಾವ ಲೈಸೆನ್ಸೂ ಬೇಡ, ಕಾಸೂ ಬೇಡ.