ಅಂಗೈಯಿಂದ ಹಾರುವ ಕಡ್ಡಿ

ಬಿದಿರಿನ ಕಡ್ಡಿ, ಅದರ ತಲೆಯ ಮೇಲೆ ಓರೆಯಾಗಿ ಕೆತ್ತಿದ ಎರಡು ರೆಕ್ಕೆ. ಈ ಆಟಿಕೆಗೆ ಚೀನಾ, ಜಪಾನುಗಳಲ್ಲಿ ಇರುವ ಹೆಸರಿನ ಅರ್ಥ ಒಂದೇ: ಬಿದಿರಿನ ಏರೋಪ್ಲೇನ್ ಚಿಟ್ಟೆ. ಅವರು ಹುಳದ ಹೆಸರನ್ನು ಹಾರುವ ವಸ್ತುವಿಗೆ ಇಟ್ಟರು. ಕನ್ನಡದ ಮಕ್ಕಳು ಹಾರುವ ಯಂತ್ರದ ಹೆಸರನ್ನು ಹುಳಕ್ಕೆ ಇಟ್ಟರು.

ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಉಜ್ಜಿ ಬಿಟ್ಟಾಗ ಓರೆ ರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ, ಗಾಳಿ ಅವನ್ನು ಮೇಲಕ್ಕೆ ಒತ್ತುತ್ತದೆ. ಈ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹೆಚ್ಚು ವೇಗವಾಗಿ ಸುತ್ತುವ ರೆಕ್ಕೆಯ ಹೊರಭಾಗವೇ ಹೆಚ್ಚಿನ ಭಾರ ಹೊರುತ್ತದೆ. ನಡುವಿನ ಭಾಗ ಬಹುಮಟ್ಟಿಗೆ ಹಿಡಿಕೆಯಷ್ಟೇ. ಸುತ್ತುವ ಬುಗುರಿಯಂತೆ ಇದರ ಅಕ್ಷವೂ ಸುಲಭಕ್ಕೆ ವಾಲುವುದಿಲ್ಲ. ಹೆಲಿಕಾಪ್ಟರಿಗೆ ಬೇಕಾದ ಬಾಲದ ಫ್ಯಾನು ಇದಕ್ಕೆ ಬೇಡ. ಅಲ್ಲಿ ಎಂಜಿನ್ ರೆಕ್ಕೆಯನ್ನು ಒಂದು ಕಡೆಗೆ ತಿರುಗಿಸಿದರೆ ಒಡಲು ಇನ್ನೊಂದು ಕಡೆಗೆ ತಿರುಗಲು ಹೊರಡುತ್ತದೆ. ಆಟಿಕೆಯ ಎಂಜಿನ್ ಎಂದರೆ ಅಂಗೈ. ಅದು ನೆಲದ ಮೇಲೆಯೇ ಉಳಿದುಬಿಡುತ್ತದೆ. ಕೈ ಕೊಟ್ಟ ಶಕ್ತಿ ಗಾಳಿಯ ಎಳೆತಕ್ಕೆ ಕರಗುತ್ತ ಹೋಗಿ, ಮೇಲೊತ್ತು ತೂಕಕ್ಕಿಂತ ಕಡಿಮೆಯಾದ ಮೇಲೆ ಏರಿಕೆ ಮುಗಿಯಿತು. ಜಾತ್ರೆಯ ಪ್ಲಾಸ್ಟಿಕ್ ಚಕ್ರಕ್ಕೆ ಅಂಚಿನಲ್ಲಿ ಬಳೆ ಇರುವುದು ಕಣ್ಣಿನ ರಕ್ಷಣೆಗೆ ಮಾತ್ರವಲ್ಲ: ಅಂಚಿನ ಭಾರ ಸುತ್ತನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ.

ಇದನ್ನು ಬರೆದವನು ಹುಟ್ಟು ಎಡಚ. ಬಲಗೈ ಮುಂದೆ ತಳ್ಳುವವರಿಗೆಂದು ಕೆತ್ತಿದ ಕಡ್ಡಿಯನ್ನು ಅವನು ಎಡಗೈ ಮುಂದೆ ಮಾಡಿ ಉಜ್ಜುತ್ತಿದ್ದ. ಅದು ನೇರವಾಗಿ ಕಾಲ ಬಳಿಗೇ ಧುಮುಕುತ್ತಿತ್ತು. ತಲೆಕೆಳಗು ಮಾಡಿ ಹಿಡಿದರೆ ಸರಿಹೋದೀತೆಂದು ಒಂದು ಮಧ್ಯಾಹ್ನವೆಲ್ಲ ಹೆಣಗಿದ. ಸರಿಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಸ್ಕ್ರೂವನ್ನು ಬುಡಮೇಲು ಮಾಡಿದರೂ ಅದರ ಸುರುಳಿ ಬದಲಾಗದು; ರೆಕ್ಕೆಯ ಓರೆಯದೂ ಅದೇ ಕಥೆ. ಎಡಚನಿಗೆ ಬೇಕಾದದ್ದು ಕನ್ನಡಿಯೊಳಗಿನ ಕಡ್ಡಿ, ಅಂದರೆ ಓರೆಯನ್ನು ಎದುರು ದಿಕ್ಕಿಗೆ ಕೆತ್ತಿದ್ದು.

ದೊಡ್ಡವರೂ ಈ ಆಟಿಕೆಯನ್ನು ಬಿಡಲಿಲ್ಲ. 1784ರಲ್ಲಿ ಲೊನುವಾ, ಬಿಯೆನ್‌ವೆನು ಎಂಬ ಇಬ್ಬರು ಫ್ರೆಂಚರು ಹಕ್ಕಿಯ ಗರಿಗಳಿಂದ ಎದುರುಬದುರು ಸುತ್ತುವ ಎರಡು ಚಕ್ರ ಮಾಡಿ, ಬಿಲ್ಲಿನ ಹುರಿಯಿಂದ ಹಾರಿಸಿದರು. ಇಂಗ್ಲೆಂಡಿನ ಜಾರ್ಜ್ ಕೇಲಿ 1796ರಲ್ಲಿ ಅಂಥದ್ದನ್ನೇ ಮಾಡಿದ. ಮುಪ್ಪಿನಲ್ಲಿ ಅವನು ಸುಧಾರಿಸಿದ ಬುಗುರಿ 90 ಅಡಿ ಏರುತ್ತಿತ್ತು. 1870ರಲ್ಲಿ ಅಲ್ಫೋನ್ಸ್ ಪೆನೊ ಹುರಿಯ ಬದಲು ತಿರುಚಿದ ರಬ್ಬರ್ ಕಟ್ಟಿದ. 

1878ರ ಸುಮಾರಿಗೆ ಅಂಥದೊಂದು ರಬ್ಬರ್ ಆಟಿಕೆಯನ್ನು ಅಮೆರಿಕದ ಪಾದ್ರಿ ಮಿಲ್ಟನ್ ರೈಟ್ ಮಕ್ಕಳಿಗೆ ತಂದುಕೊಟ್ಟ. ವಿಲ್ಬರ್, ಆರ್ವಿಲ್ ಅದಕ್ಕೆ ಬಾವಲಿ ಎಂದು ಹೆಸರಿಟ್ಟರು. ಮುರಿದ ಮೇಲೆ ತಾವೇ ಕಟ್ಟಿದರು, ಪ್ರತಿ ಸಲ ಇನ್ನಷ್ಟು ದೊಡ್ಡದು. ದೊಡ್ಡದಾದಷ್ಟೂ ಅದು ಹಾರಲು ಒಲ್ಲೆನ್ನುತ್ತಿತ್ತು. ಅಳತೆ ಇಮ್ಮಡಿಯಾದರೆ ಎಂಟು ಪಟ್ಟು ಶಕ್ತಿ ಬೇಕು ಎಂಬುದು ತಮಗೆ ಆಗ ತಿಳಿದಿರಲಿಲ್ಲ ಎಂದು ಅವರು 1908ರಲ್ಲಿ ಬರೆದರು. ಹುಡುಗರು ಬೇಸತ್ತು ಗಾಳಿಪಟಕ್ಕೆ ಮರಳಿದರು.